ಅಲಾಸ್ಕಾದ ಮೂಲನಿವಾಸಿಗಳಾದ ಅಲೂಟಿಕ್ ಜನರ ಸಂಸ್ಕೃತಿ ಶಿಬಿರಕ್ಕೆ ಸ್ವಯಂಸೇವಕರಾಗಿ ಹೋದರೆ ಕಡಲತೀರ ಸುತ್ತೋಕೆ ಸಮಯ ಸಿಗುತ್ತಾ?

ಸಿಗುತ್ತದೆ, ಆದರೆ ಮೊದಲು ಅಡುಗೆಮನೆ! ಕೊಡಿಯಾಕ್ ಪಕ್ಕದ ಅಫಾಗ್ನಾಕ್ ದ್ವೀಪದಲ್ಲಿ ಬೇಸಿಗೆಯಲ್ಲಿ ಇಂಥ ಶಿಬಿರ ನಡೆಯುತ್ತದೆ. ಸಾಲ್ಮನ್ ಮೀನು ಸೀಳಿ, ಉಪ್ಪುನೀರಲ್ಲಿ ನೆನೆಸಿ, ಹೊಗೆಗೆ ತೂಗುಹಾಕುವುದನ್ನು ಮಕ್ಕಳಿಗೆ ಕಲಿಸುವವರು ಅಲ್ಲಿನ ಹಿರಿಯರೇ. ನಿಮ್ಮ ಪಾಲಿಗೆ ಪಾತ್ರೆ, ಸೌದೆ, ಮಕ್ಕಳ ಮೇಲೊಂದು ಕಣ್ಣು. ಅಲೂಟಿಕ್ ಭಾಷೆಯಲ್ಲಿ 'ಚಮಾಯ್' ಅಂದರೆ ನಮಸ್ಕಾರ. ಅದೊಂದನ್ನಾದರೂ ಕಲಿತು ಹೋಗಿ.

ತೀರಕ್ಕೆ ಸುಮ್ನೆ ಹೊರಡಬೇಡಿ, ಇಳಿತದ ಹೊತ್ತು ನೋಡಿಕೊಳ್ಳಿ. ಆಗ ಬಂಡೆ ನಡುವಿನ ಹೊಂಡಗಳಲ್ಲಿ ನಕ್ಷತ್ರಮೀನು ಕಾಣುತ್ತವೆ. ನೀರು ಏರಿದರೆ ಬಂದ ದಾರಿಯೇ ಇರುವುದಿಲ್ಲ. ದೊಡ್ಡ ಕಂದು ಕರಡಿಗಳಿವೆ, ಗುಂಪಾಗಿ ಜೋರಾಗಿ ಮಾತಾಡುತ್ತಾ ನಡೆಯಿರಿ. 1964ರ ಭೂಕಂಪ, ಸುನಾಮಿಯ ನಂತರ ಇಲ್ಲಿನ ಜನ ಕೊಡಿಯಾಕ್ ದ್ವೀಪದ ಪೋರ್ಟ್ ಲಯನ್ಸ್ ಊರಿಗೆ ಹೋದರು, ಅವರು ಬಿಟ್ಟ ಹಳೇ ಊರು ಈ ದ್ವೀಪದಲ್ಲೇ ಇದೆ. ಹಳೇ ಕಲ್ಲಿನ ಉಪಕರಣ ಸಿಕ್ಕರೆ ಜೇಬಿಗೆ ಹಾಕಿಕೊಳ್ಳಬೇಡಿ, ಶಿಬಿರದವರಿಗೆ ತೋರಿಸಿ.