ಐದೂ ರಿಮೈಂಡರ್ ಆಫ್ ಮಾಡಿ, ಟ್ಯೂಷನ್ ಬಿಡಿಸಿ

ಈ ವಾರ ಒಂದು ಪತ್ರ ಓದಿ ನನಗೆ ಸಿಟ್ಟು ಬಂತು. ಬರೆದವರ ಮೇಲೆ ಅಲ್ಲ, ಅವರ ಪತ್ರದಲ್ಲಿ ಬಹಳ ಒಳ್ಳೆಯವರಾಗಿ ಬರುವ ಒಬ್ಬರ ಮೇಲೆ. ಯಾರು ಎಂದು ಆಮೇಲೆ ಹೇಳುತ್ತೇನೆ.

ಪತ್ರ ಬರೆದವರು ಶಿರಸಿ-ಸಿದ್ದಾಪುರ ನಡುವಿನ ಒಂದು ಊರಿನವರು. ವಯಸ್ಸು 34. ಅಡಿಕೆ ತೋಟದ ಮನೆ. ಗಂಡ, ಅತ್ತೆ, ನಾಲ್ಕನೇ ತರಗತಿಗೆ ಹೋಗುವ ಮಗ. ಮದುವೆಗೆ ಮೊದಲೇ ಡಿ.ಎಡ್. ಮುಗಿಸಿದ್ದಾರೆ. ಪ್ರಾಥಮಿಕ ಶಾಲೆಯಲ್ಲಿ ಅಕ್ಕೋರಾಗಬೇಕು ಎಂಬುದು ಹಳೆಯ ಆಸೆ. ಅದಕ್ಕೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ ಪಾಸಾಗಬೇಕು. ಒಮ್ಮೆ ಬರೆದರು, ಆಗಲಿಲ್ಲ. ಆಗ ಬೆಂಗಳೂರಿನ ನಾದಿನಿ ಅವರನ್ನು 21 ದಿನದ ಆನ್‌ಲೈನ್ ಕೋರ್ಸಿಗೆ ಸೇರಿಸಿದರು. ಗುರಿಯನ್ನು ಕಣ್ಣಿಗೆ ಕಟ್ಟುವಂತೆ ಕಲ್ಪಿಸಿಕೊಳ್ಳಬೇಕು, ಅದು ಈಗಾಗಲೇ ಕೈಗೆ ಸಿಕ್ಕಿದೆ ಎಂದು ಸಂತೋಷಪಡಬೇಕು, ದಿನಕ್ಕೆ ಐದು ಸಲ ನೆನಪು ಮಾಡಿಕೊಳ್ಳಬೇಕು. ಕೋರ್ಸಿನ ಸಾರ ಇಷ್ಟು.

ಇವರು ಹೇಳಿದ್ದನ್ನೆಲ್ಲ ಮಾಡಿದರು. ಕಪಾಟಿನ ಬಾಗಿಲಿಗೆ ವಿಷನ್ ಬೋರ್ಡ್ ಅಂಟಿಸಿದರು. ಅದರಲ್ಲಿ ಶಾಲೆ, ಕರಿಹಲಗೆ, ನಗುವ ಮಕ್ಕಳು, ಇಳಕಲ್ ಸೀರೆ ಉಟ್ಟ ಟೀಚರ್. ಫೋನಿನಲ್ಲಿ ಐದು ರಿಮೈಂಡರ್, 'ನಾನು ಶಿಕ್ಷಕಿ' ಎಂದು. ದೋಸೆ ಎರೆಯುವಾಗ ಒಂದು, ತೋಟದ ಕೆಲಸದವರಿಗೆ ಚಾ ಕೊಡುವಾಗ ಒಂದು. ಎಂಟು ತಿಂಗಳಾಯಿತು. ಓದು ಮುಂದೆ ಹೋಗಿಲ್ಲ. ಈಗ ರಿಮೈಂಡರ್ ಬಂದರೆ ಓದದೆ ಬೆರಳಲ್ಲಿ ಸರಿಸಿಬಿಡುತ್ತಾರಂತೆ. "ನನ್ನ ಕಲ್ಪನೆಗೆ ಶಕ್ತಿ ಸಾಲುತ್ತಿಲ್ಲವೇ ಅಕ್ಕಾ? ಏಕಾಗ್ರತೆ ಹೆಚ್ಚಿಸಲು ಏನು ಮಾಡಲಿ?" ಎಂದು ಕೇಳಿದ್ದಾರೆ.

ತಂಗೀ, ನಿಮ್ಮ ಕಲ್ಪನೆಗೆ ಶಕ್ತಿ ಬೇಕಾದಷ್ಟಿದೆ. ಸೀರೆಯ ಅಂಚಿನ ಬಣ್ಣವನ್ನೂ ಬರೆದಿದ್ದೀರಿ! ಆದರೆ ಪತ್ರದ ಮೂರನೇ ಪುಟದಲ್ಲಿ, ಅತ್ತೆಯ ದೂರುಗಳ ನಡುವೆ, ನೀವು ಸುಮ್ನೆ ಹೇಳಿಹೋದ ಒಂದು ಮಾತಿದೆ. ಅದನ್ನು ಹಾಗೇ ಇಲ್ಲಿ ಹಾಕುತ್ತೇನೆ. "ಮಗನಿಗೆ ಗಣಿತ ಸ್ವಲ್ಪ ಕಷ್ಟ, ನನಗೂ ಅದು ಆಗಿಬರುವುದಿಲ್ಲ. ಹಾಗಾಗಿ ಸಂಜೆ 5ಕ್ಕೆ ಆಚೆ ಕೇರಿಯ ಅಕ್ಕೋರ ಹತ್ತಿರ ಟ್ಯೂಷನ್‌ಗೆ ಕಳಿಸುತ್ತೇನೆ. ಆ ಒಂದು ತಾಸು ಮನೆ ಶಾಂತ ಇರುತ್ತದೆ. ನಾನು ಬೋರ್ಡಿನ ಮುಂದೆ ಕೂತು ಕಣ್ಣು ಮುಚ್ಚುವುದು ಆಗಲೇ."

ನೀವೇ ಇನ್ನೊಮ್ಮೆ ಓದಿ ನೋಡಿ. ನಾಲ್ಕನೇ ತರಗತಿಯ ಹುಡುಗ ಲೆಕ್ಕ ಕಲಿಯಲು ಬೇರೆಯವರ ಮನೆಗೆ ಹೋಗುತ್ತಾನೆ. ಅದೇ ಹೊತ್ತಿಗೆ ಅವನ ತಾಯಿ ಮನೆಯಲ್ಲಿ ಕಣ್ಣು ಮುಚ್ಚಿ, ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಪಾಠ ಮಾಡುತ್ತಿರುವುದಾಗಿ ಕಲ್ಪಿಸಿಕೊಳ್ಳುತ್ತಾರೆ.

ನಗಬೇಕು ಅನಿಸಿತು, ನಗಲಿಲ್ಲ. ಯಾಕೆಂದರೆ ಅದೇ ಪುಟದಲ್ಲಿ ನಿಮ್ಮ ಅಂಕವೂ ಇದೆ. ಹಿಂದಿನ ಸಲ ಒಟ್ಟು 86, ಗಣಿತದಲ್ಲಿ 11. ಟಿಇಟಿ ಮೊದಲ ಪತ್ರಿಕೆಗೆ 150 ಅಂಕ. ಮಕ್ಕಳ ಬೆಳವಣಿಗೆ, ಎರಡು ಭಾಷೆ, ಗಣಿತ, ಪರಿಸರ ಅಧ್ಯಯನ, ಒಂದೊಂದಕ್ಕೆ 30. ಸಾಮಾನ್ಯ ವರ್ಗದವರಿಗೆ ಪಾಸಾಗಲು ಶೇ. 60, ಅಂದರೆ 90 ಬೇಕು. ನಿಮಗೆ ಕಡಿಮೆ ಬಿದ್ದದ್ದು ಬರೀ 4 ಅಂಕ. ಉಳಿದ ನಾಲ್ಕು ವಿಷಯಗಳಲ್ಲಿ 120ಕ್ಕೆ 75 ತೆಗೆದಿದ್ದೀರಿ. ಗಣಿತದಲ್ಲಿ ಪ್ರತಿ ಪ್ರಶ್ನೆಗೂ ನಾಲ್ಕು ಆಯ್ಕೆ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಏನೂ ಓದದೆ ಕಣ್ಣುಮುಚ್ಚಿ ಗುರುತು ಹಾಕಿದರೂ ಏಳೆಂಟು ಬಂದೀತು. ನಿಮಗೆ 11 ಬಂದಿದೆ. ಅಂದರೆ ಅಲ್ಲಿ ನೀವು ಹೆಚ್ಚೂಕಡಿಮೆ ಪ್ರಯತ್ನವನ್ನೇ ಮಾಡಿಲ್ಲ. 15 ಬಂದಿದ್ದರೆ ಈ ಪತ್ರವೇ ಬರುತ್ತಿರಲಿಲ್ಲ.

ಇಷ್ಟು ಹತ್ತಿರ ಇದ್ದವರನ್ನು ಕೋರ್ಸಿನವರು ಕನಸು ಕಾಣಲು ಕೂರಿಸಿದರು. ನನ್ನ ಸಿಟ್ಟು ಅಲ್ಲಿಂದಲೇ ಶುರು.

ಗುರಿಯ ಚಿತ್ರ ಕಾಣುವುದು ಪೂರ್ತಿ ಸುಳ್ಳು ಎಂದು ನಾನು ಹೇಳುವುದಿಲ್ಲ. ಯಾವ ಚಿತ್ರ ಎಂಬುದೇ ಮುಖ್ಯ. ಗೇಬ್ರಿಯೆಲೆ ಓಟಿಂಗನ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞೆ ಇದನ್ನೇ ವರ್ಷಗಟ್ಟಲೆ ಪರೀಕ್ಷಿಸಿದವರು. ಅವರು ಥಾಮಸ್ ವಾಡೆನ್ ಜೊತೆ 1991ರಲ್ಲಿ ಪ್ರಕಟಿಸಿದ ಅಧ್ಯಯನ ತೂಕ ಇಳಿಸಲು ಸೇರಿದ ಮಹಿಳೆಯರದ್ದು. ತೆಳ್ಳಗಾದ ತಮ್ಮನ್ನು ಸಿಹಿಸಿಹಿಯಾಗಿ ಕಲ್ಪಿಸಿಕೊಂಡವರು, ಹಾಗೆ ಕಲ್ಪಿಸಿಕೊಳ್ಳದವರಿಗಿಂತ ಒಂದು ವರ್ಷದಲ್ಲಿ ಸುಮಾರು 11 ಕಿಲೋ ಕಡಿಮೆ ಇಳಿಸಿದ್ದರು. 'ನನ್ನಿಂದ ಆಗುತ್ತದೆ' ಎಂಬ ನಂಬಿಕೆ ಇದ್ದವರಿಗೆ ಮಾತ್ರ ಲಾಭವೇ ಆಗಿತ್ತು. ನಂಬಿಕೆ ಬೇರೆ, ಹಗಲುಗನಸು ಬೇರೆ. 2011ರಲ್ಲಿ ಅವರು ಹೆದರ್ ಕ್ಯಾಪಸ್ ಜೊತೆ ಇನ್ನೊಂದು ಪ್ರಯೋಗ ಪ್ರಕಟಿಸಿದರು. ಎಲ್ಲ ಚೆನ್ನಾಗಿ ಆಗಿಹೋಯಿತು ಎಂದು ಕಲ್ಪಿಸಿಕೊಂಡವರ ರಕ್ತದೊತ್ತಡ ಇಳಿದಿತ್ತು. ಅಂದರೆ ದೇಹ ಆರಾಮಾಗುತ್ತದೆ. ಕೆಲಸ ಮುಗಿದಿದೆಯಲ್ಲ, ಇನ್ನು ಯಾಕೆ ಏಳಬೇಕು? ನೀವು ಸಂಜೆ ಆರಕ್ಕೆ ಬೋರ್ಡಿನ ಮುಂದಿಂದ ಏಳುವಾಗ "ಮನಸ್ಸು ಹಗುರ, ಆದರೆ ಪುಸ್ತಕ ಮುಟ್ಟಲು ಮನಸ್ಸಿಲ್ಲ" ಎಂದು ಬರೆದಿದ್ದೀರಲ್ಲ, ಅದು ಇದೇ.

ಇನ್ನೊಂದು ಬಗೆಯ ಚಿತ್ರವೂ ಇದೆ. 1999ರಲ್ಲಿ ಫಾಮ್ ಮತ್ತು ಟೇಲರ್ ಎಂಬಿಬ್ಬರು ಕ್ಯಾಲಿಫೋರ್ನಿಯಾದ ಕಾಲೇಜು ಮಕ್ಕಳ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. ಕೆಲವರು ಒಳ್ಳೆಯ ಅಂಕ ಬಂದದ್ದನ್ನು ಕಲ್ಪಿಸಿಕೊಂಡರು. ಕೆಲವರು ತಾವು ಕೂತು ಓದುತ್ತಿರುವುದನ್ನು ಕಲ್ಪಿಸಿಕೊಂಡರು. ಹೆಚ್ಚು ಓದಿದವರು, ಹೆಚ್ಚು ಅಂಕ ತೆಗೆದವರು ಎರಡನೆಯ ಗುಂಪಿನವರು. ನಿಮ್ಮ ಬೋರ್ಡಿನಲ್ಲಿ ಓದುತ್ತಿರುವ ಹೆಂಗಸಿನ ಚಿತ್ರ ಒಂದೂ ಇಲ್ಲ ನೋಡಿ.

ಅಡ್ಡಿಯನ್ನೂ ಎದುರಿಗೆ ಇಟ್ಟುಕೊಳ್ಳಬೇಕು ಎನ್ನುತ್ತಾರೆ ಓಟಿಂಗನ್. ಇದನ್ನು ನಿಮ್ಮ ಮನೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಚಾಲಿ ಅಡಿಕೆಗೆ ಒಳ್ಳೆಯ ದರ ಬಂದೀತು ಎಂದು ಕಲ್ಪಿಸಿಕೊಂಡು ಯಾರೂ ಮಳೆಗಾಲಕ್ಕೆ ಕಾಯುವುದಿಲ್ಲ. ಕೊಳೆ ರೋಗ ಬಂದರೆ ತೋಟ ಏನಾಗುತ್ತದೆ ಎಂಬುದು ಕಣ್ಣ ಮುಂದೆ ಇರುತ್ತದೆ. ಅದಕ್ಕೇ ಮಳೆ ಹಿಡಿಯುವ ಮೊದಲು ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂದು ಬೋರ್ಡೋ ದ್ರಾವಣ ಕಲಸಿ ಔಷಧಿ ಹೊಡೆಸುತ್ತಾರೆ. ನಿಮ್ಮ ಕೊಳೆ ರೋಗ ಗಣಿತ. ಅದರ ಹೆಸರೇ ಬೋರ್ಡಿನಲ್ಲಿ ಇಲ್ಲ.

ರಿಮೈಂಡರ್ ವಿಷಯಕ್ಕೆ ಬರುತ್ತೇನೆ. ಅಡುಗೆಮನೆಗೆ ಫೋನ್ ಬೇಡ ಎಂದು ಈ ಅಂಕಣದಲ್ಲಿ ನಾನು ಎಷ್ಟು ಸಲ ಹೇಳಿದ್ದೇನೋ, ಇನ್ನೂ ಹೇಳುತ್ತೇನೆ. ಕೈ ಹಿಟ್ಟಿನಲ್ಲಿ ಇರುವಾಗ 'ನಾನು ಶಿಕ್ಷಕಿ' ಎಂದು ಫೋನ್ ಹೇಳಿದರೆ ನೀವೇನು ಮಾಡಬೇಕು? ಮಾಡಲು ಏನೂ ಇಲ್ಲ. ಮಾಡಲು ಏನೂ ಇಲ್ಲದ ಹೊತ್ತಿಗೆ ಬರುವ ನೆನಪನ್ನು ಮನಸ್ಸು ಕೆಲವೇ ದಿನದಲ್ಲಿ ಕೇಳುವುದನ್ನು ಬಿಡುತ್ತದೆ. ಪೀಟರ್ ಗಾಲ್ವಿಟ್ಜರ್ ಎಂಬ ಇನ್ನೊಬ್ಬ ಮನಶ್ಶಾಸ್ತ್ರಜ್ಞರು 1999ರಲ್ಲೇ ಬರೆದದ್ದು ಸರಳ ಸಂಗತಿ. 'ಇಂಥದ್ದು ಆದ ಕೂಡಲೇ ಇಂಥದ್ದು ಮಾಡುತ್ತೇನೆ' ಎಂದು ಗಟ್ಟಿ ಮಾಡಿಕೊಂಡವರು, ಬರೀ 'ಮಾಡಬೇಕು' ಎಂದುಕೊಂಡವರಿಗಿಂತ ಹೆಚ್ಚು ಸಲ ಮಾಡಿ ಮುಗಿಸುತ್ತಾರೆ. ನೆನಪು ಗಡಿಯಾರದ ಮುಳ್ಳಿಗಿಂತ ಒಂದು ಘಟನೆಗೆ ಅಂಟಿಕೊಂಡಿರಬೇಕು. ಮನೆಯಲ್ಲಿ ದಿನಾ ತಪ್ಪದೆ ನಡೆಯುವ ಘಟನೆ ಯಾವುದು? ಹುಡುಗ ಶಾಲೆಯಿಂದ ಬಂದು ಚೀಲ ಜಗಲಿಯ ಮೇಲೆ ಎಸೆಯುವುದು.

ಈಗ ಆ ಒಳ್ಳೆಯವರ ಬಗ್ಗೆ. ನಿಮ್ಮ ನಾದಿನಿ.

ಕೋರ್ಸಿನ ಹಣ ಅವರೇ ಕೊಟ್ಟರು, ಸರಿ. ಆದರೆ ಬೋರ್ಡಿನ ಫೋಟೋವನ್ನು ಮನೆತನದ ವಾಟ್ಸಾಪ್ ಗುಂಪಿಗೆ ಹಾಕಿ 'ನಮ್ಮ ಅತ್ತಿಗೆ ಸದ್ಯದಲ್ಲೇ ಟೀಚರ್' ಎಂದು ಬರೆದವರೂ ಅವರೇ. ಕುಮಟೆಯಿಂದ ಅಮೆರಿಕದವರೆಗೆ ಎಲ್ಲರೂ ಅಭಿನಂದನೆ ಹೇಳಿದರು, ಹೂವಿನ ಚಿತ್ರ ಕಳಿಸಿದರು. "ಆ ದಿನ ಬಹಳ ಖುಷಿಯಾಯಿತು" ಎಂದು ಬರೆದಿದ್ದೀರಿ. ಆಗದೇ ಇರುತ್ತದೆಯೇ? ಪಾಸಾದ ಮೇಲೆ ಸಿಗಬೇಕಾದ ಖುಷಿಯನ್ನು ಪರೀಕ್ಷೆಗೆ ಅರ್ಜಿ ಹಾಕುವ ಮೊದಲೇ ತಿಂದು ಮುಗಿಸಿದಿರಿ. ಗಾಲ್ವಿಟ್ಜರ್ ಮತ್ತು ಜೊತೆಯವರು 2009ರಲ್ಲಿ ಇದನ್ನೂ ತೋರಿಸಿದ್ದಾರೆ. ತಾನು ಏನಾಗಬೇಕು ಎಂಬುದನ್ನು ಇನ್ನೊಬ್ಬರು ಕೇಳಿ ಒಪ್ಪಿಕೊಂಡರೆ ಸಾಕು, ಅದಕ್ಕಾಗಿ ಪಡುವ ಶ್ರಮ ಕಡಿಮೆಯಾಗುತ್ತದೆ. ನಾದಿನಿ ಒಳ್ಳೆಯ ಮನಸ್ಸಿನಿಂದಲೇ ಮಾಡಿರಬಹುದು. ನನಗೆ ಅವರ ಮೇಲೆ ಕರುಣೆ ಇಲ್ಲ. 86 ಬಂದ ಅತ್ತಿಗೆಗೆ ಒಂದು ಗಣಿತದ ಗೈಡ್ ತಂದುಕೊಟ್ಟಿದ್ದರೆ ಅರ್ಧ ದಾರಿ ಕಳೆಯುತ್ತಿತ್ತು.

ಅತ್ತೆಯ ಬಗ್ಗೆ ನೀವು ಒಂದೂವರೆ ಪುಟ ದೂರಿದ್ದೀರಿ. ರಿಮೈಂಡರ್ ಬಡಿದಾಗಲೆಲ್ಲ "ಪರೀಕ್ಷೆ ಯಾವಾಗಡ?" ಎಂದು ಚುಚ್ಚುತ್ತಾರೆ, ನನ್ನ ಹತ್ತಿರ ಉತ್ತರ ಇರುವುದಿಲ್ಲ, ಅಳು ಬರುತ್ತದೆ ಎಂದು. ತಂಗೀ, ಬೇಜಾರು ಮಾಡಿಕೊಳ್ಳಬೇಡಿ. ಎಂಟು ತಿಂಗಳಲ್ಲಿ ನಿಮ್ಮನ್ನು ಯಾರಾದರೂ ಉಪಯೋಗಕ್ಕೆ ಬರುವ ಪ್ರಶ್ನೆ ಕೇಳಿದ್ದರೆ ಅದು ಅವರೊಬ್ಬರೇ. ಚುಚ್ಚಲೆಂದೇ ಕೇಳಿರಲಿ, ಪ್ರಶ್ನೆ ಸರಿ ಇದೆ. ಟಿಇಟಿ ಅಧಿಸೂಚನೆ ಬಂತಾ, ಯಾವಾಗ ಬರಬಹುದು ಎಂದು ಯಾರನ್ನಾದರೂ ವಿಚಾರಿಸಿ, ಉತ್ತರ ಇಟ್ಟುಕೊಳ್ಳಿ. ಕೇಳಿದಾಗ ಹೇಳಿ.

ಗಂಡ? "ತುಂಬಾ ಒಳ್ಳೆಯವರು, ನಂದೇನೂ ಅಡ್ಡಿಲ್ಲೆ, ಓದು ಅನ್ನುತ್ತಾರೆ." ಅಡ್ಡಿ ಇಲ್ಲ ಎನ್ನುವುದಕ್ಕೆ ಖರ್ಚಿಲ್ಲ. ಸಂಜೆಯ ಚಾ ಅವರೇ ಮಾಡಿಕೊಳ್ಳಲಿ. ಜೊತೆಗೆ ನನ್ನ ಇನ್ನೊಂದು ಹಳೆಯ ಹಠ, ಓದುವವರಿಗೆ ತಮ್ಮದೇ ಒಂದು ಮೇಜು ಇರಬೇಕು. ತಾಳಮದ್ದಲೆಗೆ ಹೋಗುವ ಮೊದಲು ಅಟ್ಟದಿಂದ ಹಳೆಯ ಮೇಜು ಇಳಿಸಿಕೊಡಲಿ. ಅವರ ಬಗ್ಗೆ ಇಷ್ಟು ಸಾಕು.

ನಿಮಗೆ ನಾನು ಹೇಳುವುದು ಒಂದೇ ಕೆಲಸ. ಈ ತಿಂಗಳ ಹಣ ಕೊಟ್ಟು ಮಗನ ಟ್ಯೂಷನ್ ಬಿಡಿಸಿ. ನಾಳೆಯಿಂದ ಅವನು ಚೀಲ ಎಸೆದು, ತಿಂಡಿ ತಿಂದು ಕೈ ತೊಳೆದ ಕೂಡಲೇ ಅವನ ಗಣಿತ ಪುಸ್ತಕ ನಿಮ್ಮ ಮೇಜಿನ ಮೇಲೆ ಬರಬೇಕು. ಇಬ್ಬರೂ ಕೂತು ಲೆಕ್ಕ ಮಾಡಿ. ಐದೂ ರಿಮೈಂಡರ್ ಅಳಿಸಿ. ಬೋರ್ಡ್ ತೆಗೆಯಿರಿ ಅಥವಾ ಬಿಡಿ, ಅದರ ಮುಂದೆ ಮಾತ್ರ ಕೂರಬೇಡಿ.

'ನನಗೇ ಬರುವುದಿಲ್ಲವಲ್ಲ' ಅನ್ನುತ್ತೀರಿ. ಕಲ್ಪನೆ ಬೇಕಾದದ್ದು ಇಲ್ಲೇ. ರಾತ್ರಿ ಮಲಗುವ ಮೊದಲು ಎರಡು ನಿಮಿಷ ನಾಳೆಯ ಸಂಜೆಯನ್ನು ನೆನೆಯಿರಿ. ಅವನು ಒಂದು ಲೆಕ್ಕ ಕೇಳುತ್ತಾನೆ. ನಿಮಗೆ ಗೊತ್ತಾಗುವುದಿಲ್ಲ. ಮುಖ ಬಿಸಿಯಾಗುತ್ತದೆ. ಎದ್ದು ಒಲೆಯ ಹತ್ತಿರ ಹೋಗಬೇಕು ಅನಿಸುತ್ತದೆ. ಏಳುವುದಿಲ್ಲ. "ಗೊತ್ತಿಲ್ಲ ಮಾರಾಯಾ, ಬಾ ಹಿಂದಿನ ಪುಟ ನೋಡೋಣ" ಎನ್ನುತ್ತೀರಿ. ಇಷ್ಟನ್ನೇ ಕಲ್ಪಿಸಿಕೊಳ್ಳಿ. ಇಳಕಲ್ ಸೀರೆ ಸದ್ಯಕ್ಕೆ ಪೆಟ್ಟಿಗೆಯಲ್ಲಿ ಇರಲಿ.

ಇದರಲ್ಲಿ ಪರೀಕ್ಷೆಯ ಲಾಭವೂ ಇದೆ. ಟಿಇಟಿ ಗಣಿತದಲ್ಲಿ ಲೆಕ್ಕ ಮಾತ್ರ ಕೇಳುವುದಿಲ್ಲ, ಮಕ್ಕಳಿಗೆ ಹೇಗೆ ಕಲಿಸಬೇಕು ಎಂಬುದನ್ನೂ ಕೇಳುತ್ತಾರೆ. 1/3 ದೊಡ್ಡದೋ 1/4 ದೊಡ್ಡದೋ ಎಂದು ಮಗನನ್ನು ಕೇಳಿ. ನಾಲ್ಕು ದೊಡ್ಡದಲ್ವಾ ಎಂದು 1/4 ಅಂದರೂ ಅಂದಾನು. ಅವನಿಗೆ ಯಾಕೆ ಹಾಗೆ ಕಂಡಿತು, ಅದನ್ನು ಹೇಗೆ ಬಿಡಿಸಿ ಹೇಳುವುದು ಎಂದು ನೀವು ತಲೆ ಕೆಡಿಸಿಕೊಳ್ಳುತ್ತೀರಲ್ಲ, ಅಲ್ಲಿಯೇ ನಿಮಗೆ ಬೇಕಾದ ನಾಲ್ಕು ಅಂಕ ಇರುವುದು. ನಾಲ್ಕನೆಯದು ಮುಗಿದರೆ ಐದನೆಯದು. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಎಲ್ಲ ತರಗತಿಯ ಪುಸ್ತಕ ಪುಕ್ಕಟೆ ಸಿಗುತ್ತವೆ. ಟಿಇಟಿ ಪಾಸಾದ ಕೂಡಲೇ ಕೆಲಸ ಬರುವುದಿಲ್ಲ, ನೇಮಕಾತಿ ಬೇರೆ, ಅದು ನಿಮಗೂ ಗೊತ್ತು. ಪ್ರಮಾಣಪತ್ರಕ್ಕೆ ಈಗ ಜೀವನಪೂರ್ತಿ ಮಾನ್ಯತೆ ಇದೆ, ಹಾಗಾಗಿ ಶ್ರಮ ದಂಡವಾಗುವುದಿಲ್ಲ.

21 ದಿನದ ಲೆಕ್ಕ ಮರೆತುಬಿಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೊಸ ಅಭ್ಯಾಸ ಮೈಗೂಡಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18, ಕೆಲವರಿಗೆ 254 ದಿನದ ಅಂದಾಜು. ನಡುವೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟ ಇಲ್ಲ ಎಂಬುದೂ ಅಲ್ಲೇ ಕಂಡಿತು. ಮನೆಯಲ್ಲಿ ತಿಥಿ ಇದ್ದ ದಿನ ಬಿಟ್ಟುಹೋಗಲಿ, ಮರುದಿನ ಕೂತರಾಯಿತು. ಆದರೆ ಅಡಿಕೆಯ ಕೊನೆಕೊಯ್ಲು ಮುಗಿಯಲಿ, ಶಿರಸಿಯ ಮಾರಿಕಾಂಬಾ ಜಾತ್ರೆ ಮುಗಿಯಲಿ ಎಂದು ಮಾತ್ರ ಮುಂದೆ ಹಾಕಬೇಡಿ. ಕೊನೆಕೊಯ್ಲು ಪ್ರತಿವರ್ಷ ಬರುತ್ತದೆ, ಜಾತ್ರೆ ಎರಡು ವರ್ಷಕ್ಕೊಮ್ಮೆ.

ಶುರು ಮಾಡುವಾಗ ಭಿನ್ನರಾಶಿಯಿಂದ ಶುರು ಮಾಡಿ. ಕೂಡಿಸುವುದು, ಕಳೆಯುವುದು ನಿಮಗೆ ಬರುತ್ತದೆ. ಬರುವುದನ್ನೇ ಮಾಡುತ್ತ ವಾರ ಕಳೆಯುವ ಜಾಣತನ ನಿಮ್ಮಲ್ಲಿ ಇದೆ ಎಂದು ಪತ್ರ ನೋಡಿದರೇ ಗೊತ್ತಾಗುತ್ತದೆ.