ಅಂಗೈಯಗಲದ ಚಿತ್ರಕ್ಕೆ ಎಷ್ಟು ಹೇಳಲಿ?

ಪ್ರಶ್ನೆ: ಅಕ್ಕಾ, ನಾನು ಸಾಗರದ ಹತ್ತಿರದ ಹಳ್ಳಿಯವಳು. ಮದುವೆಗೆ ಮುಂಚೆ ಡ್ರಾಯಿಂಗ್ ಲೋಯರ್, ಹೈಯರ್ ಎರಡೂ ಪಾಸಾಗಿದ್ದೆ. ಈಗ ಮಗು ಮಲಗಿದಾಗ ಸಿಗುವ ಒಂದೆರಡು ಗಂಟೆಯಲ್ಲಿ ದೊಡ್ಡ ಚಿತ್ರ ಆಗುವುದಿಲ್ಲ. ಹಾಗಾಗಿ ಇಸ್ಪೀಟ್ ಎಲೆಯಷ್ಟು ಚಿಕ್ಕ ಕಾರ್ಡಿನ ಮೇಲೆ ವಾಟರ್‌ಕಲರ್‌ನಲ್ಲಿ ಹಕ್ಕಿ, ಅಡಿಕೆ ತೋಟ ಬರೆಯುತ್ತೇನೆ. 30 ಕಾರ್ಡ್ ಆಗಿವೆ. ಆನ್‌ಲೈನ್‌ನಲ್ಲಿ ಮಾರು ಅಂತ ತಂಗಿ ಹೇಳುತ್ತಾಳೆ. ಇಷ್ಟು ಚಿಕ್ಕದಕ್ಕೆ ಯಾರು ದುಡ್ಡು ಕೊಡುತ್ತಾರೆ? 50 ರೂಪಾಯಿ ಅಂದರೆ ಜಾಸ್ತಿ ಆಗುತ್ತಾ?

ಉತ್ತರ: ಜಾಸ್ತಿ ಅಲ್ಲ, ತುಂಬಾ ಕಡಿಮೆ ಆಯಿತು. ಅದರ ಲೆಕ್ಕ ಆಮೇಲೆ ಹೇಳುತ್ತೇನೆ.

ನೀವು ಬರೆಯುತ್ತಿರುವ ಅಳತೆಗೆ ಹೊರದೇಶದಲ್ಲಿ ಒಂದು ಹೆಸರೇ ಇದೆ. 1997ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ ವಾಂಚಿ ಸ್ಟಿರ್ನೆಮಾನ್ ಎಂಬ ಕಲಾವಿದ ಇದೇ ಅಳತೆಯ ಕಾರ್ಡುಗಳನ್ನು ಬರೆದು ಪ್ರದರ್ಶನಕ್ಕಿಟ್ಟರು. ಬೇಕಾದರೆ ನೀವೂ ಒಂದು ಬರೆದು ತನ್ನಿ, ಬದಲಾಯಿಸಿಕೊಳ್ಳೋಣ ಅಂದರು. ಅದಕ್ಕೆ ಆರ್ಟಿಸ್ಟ್ ಟ್ರೇಡಿಂಗ್ ಕಾರ್ಡ್ ಅಂತ ಹೆಸರಾಯಿತು. ಅಲ್ಲಿ ಕೊಟ್ಟು ತೆಗೆದುಕೊಳ್ಳುವುದು ಮಾತ್ರ, ಮಾರುವ ಹಾಗಿಲ್ಲ. 2004ರ ಸುಮಾರಿಗೆ ಇಬೇ ಎಂಬ ಆನ್‌ಲೈನ್ ಮಾರುಕಟ್ಟೆಯಲ್ಲಿ ಮಾರಬೇಕು ಅಂದುಕೊಂಡವರು ಬೇರೆ ಹೆಸರಿಟ್ಟುಕೊಂಡರು, ಎಸಿಇಒ (ACEO, ಆರ್ಟ್ ಕಾರ್ಡ್ಸ್, ಎಡಿಷನ್ಸ್ ಆ್ಯಂಡ್ ಒರಿಜಿನಲ್ಸ್) ಅಂತ. ಹುಡುಕುವವರು ಈ ನಾಲ್ಕು ಅಕ್ಷರ ಹಾಕಿಯೇ ಹುಡುಕುತ್ತಾರೆ, ಆದ್ದರಿಂದ ನಿಮ್ಮ ವಿವರಣೆಯಲ್ಲಿ ಅದು ಇರಲಿ. ಅಳತೆ ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದ. ಇದರಲ್ಲಿ ಒಂದು ಕೂದಲೆಳೆಯೂ ಆಚೀಚೆ ಮಾಡಬೇಡಿ. ಕೂಡಿಡುವವರ ಹತ್ತಿರ ಈ ಅಳತೆಗೇ ಮಾಡಿದ ಪ್ಲಾಸ್ಟಿಕ್ ಕವರು, ಆಲ್ಬಮ್ ಎಲ್ಲ ಇರುತ್ತವೆ, ಕಾರ್ಡ್ ಅದರೊಳಗೆ ಹೋಗದಿದ್ದರೆ ಅವರು ಮತ್ತೆ ನಿಮ್ಮ ಹತ್ತಿರ ಬರುವುದಿಲ್ಲ.

ಅಂದಹಾಗೆ, ಇಸ್ಪೀಟ್ ಎಲೆಯಷ್ಟು ಜಾಗದಲ್ಲಿ ಚಿತ್ರ ಬರೆಯುವುದು ನಮಗೇನೂ ಹೊಸದಲ್ಲ. ಮೈಸೂರಿನ ಗಂಜೀಫ ಅನ್ನುವ ಹಳೆಯ ಆಟದ ಎಲೆಗಳನ್ನು ನೋಡಿ, ಒಂದು ದುಂಡು ಎಲೆಯೊಳಗೆ ದಶಾವತಾರದ ಒಬ್ಬ ದೇವರು ಇಡಿಯಾಗಿ ಕೂತಿರುತ್ತಾನೆ. ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿ ಎಂಬ ಗ್ರಂಥದಲ್ಲಿ ಈ ಆಟಗಳ ವಿವರವೇ ಇದೆ. ಮೈಸೂರಿಗೆ ಹೋದರೆ ಒಮ್ಮೆ ಹುಡುಕಿಕೊಂಡು ಹೋಗಿ ನೋಡಿ. ಚಿಕ್ಕದರಲ್ಲಿ ಏನು ಬಿಡಬೇಕು ಅನ್ನುವುದು ಅಲ್ಲಿ ಕಲಿಯಲು ಸಿಗುತ್ತದೆ.

ಈಗ ದುಡ್ಡಿನ ಮಾತು. 22×30 ಇಂಚಿನ ಒಂದು ಪೂರ್ತಿ ಹಾಳೆಯಲ್ಲಿ, ಸರಿಯಾಗಿ ಗೆರೆ ಹಾಕಿದರೆ, 72 ಕಾರ್ಡ್ ಬರುತ್ತವೆ. 300 ಜಿಎಸ್‌ಎಂ ದಪ್ಪದ ಒಳ್ಳೆಯ ಹಾಳೆಗೆ 300 ರೂಪಾಯಿ ಅಂತಲೇ ಇಟ್ಟುಕೊಳ್ಳಿ, ಒಂದು ಕಾರ್ಡಿಗೆ ಕಾಗದದ ಖರ್ಚು ನಾಲ್ಕು ರೂಪಾಯಿ ಚಿಲ್ಲರೆ. ಬಣ್ಣ, ಕವರು ಸೇರಿ 20 ದಾಟುವುದಿಲ್ಲ. ಇದನ್ನು ನೋಡಿಯೇ ಎಲ್ಲರೂ 50 ಅಂತ ಬೆಲೆ ಹಾಕಿಬಿಡುತ್ತಾರೆ. ಆದರೆ ನೀವು ಮಾರುತ್ತಿರುವುದು ಕಾಗದ ಅಲ್ಲ ಅಲ್ವಾ? ಮಗು ಮಲಗಿದ ಆ ಎರಡು ಗಂಟೆ ಎಲ್ಲಿ ಹೋಯಿತು? ಗಂಟೆಗೆ 150 ಅಂತ ಹಿಡಿದರೂ 300 ಆಯಿತು. ನನ್ನ ಮಟ್ಟಿಗೆ 350ರಿಂದ ಶುರು ಮಾಡಿ, ಅಂಚೆ ಖರ್ಚು ಬೇರೆ. ಮೊದಲ ತಿಂಗಳು ಎರಡೇ ಹೋಗಬಹುದು, ಹೋಗಲಿ. 50ಕ್ಕೆ ಶುರು ಮಾಡಿ ಆಮೇಲೆ ಏರಿಸುವುದು ಬಹಳ ಕಷ್ಟ, ಮೊದಲು ಕೊಂಡವರೇ ಬೇಜಾರು ಮಾಡಿಕೊಳ್ಳುತ್ತಾರೆ.

ಎಲ್ಲಿ ಮಾರುವುದು? ಮೊದಲು ಇನ್‌ಸ್ಟಾಗ್ರಾಮ್, ವಾಟ್ಸ್ಆ್ಯಪ್ ಸಾಕು, ದುಡ್ಡು ಯುಪಿಐನಲ್ಲಿ ಬರಲಿ. ಕೈಯಲ್ಲಿ ಮಾಡಿದ ವಸ್ತು ಮಾರುವ ಎಟ್ಸಿ ಎಂಬ ವೆಬ್‌ಸೈಟಿನಲ್ಲಿ ಹೊರದೇಶದ ಗಿರಾಕಿ ಸಿಗುತ್ತಾರೆ ನಿಜ, ಆದರೆ ಪ್ರತಿ ವಸ್ತು ಹಾಕಲು 20 ಸೆಂಟ್, ಮಾರಿದ ಮೇಲೆ ಶೇಕಡಾ 6.5, ಅದರ ಮೇಲೆ ಪಾವತಿಯ ಶುಲ್ಕ. ನಿಮ್ಮದು ಒಂದೊಂದೂ ಒಂದೇ ಪ್ರತಿ, ಹಾಗಾಗಿ ಪ್ರತಿ ಕಾರ್ಡಿಗೂ ಹೊಸದಾಗಿ ಆ 20 ಸೆಂಟ್ ಕಟ್ಟಬೇಕು. ಐದು ಡಾಲರಿನ ಕಾರ್ಡಿಗೆ ಇದು ಭಾರ. ಹೊರದೇಶಕ್ಕೆ ಕಳಿಸಲು ಐಇಸಿ ನಂಬರ್ (ಆಮದು-ರಫ್ತು ಮಾಡುವವರಿಗೆ ಸರ್ಕಾರ ಕೊಡುವ ನಂಬರ್) ಕೂಡ ಬೇಕಾಗುತ್ತದೆ. ನೂರು ಕಾರ್ಡ್ ಇಲ್ಲೇ ಮಾರಿದ ಮೇಲೆ ಅದನ್ನು ಯೋಚಿಸಿ.

ಫೋಟೋ ಹಾಕುವಾಗ ಒಂದು ಚಿತ್ರವನ್ನಾದರೂ ಕೈಯಲ್ಲಿ ಹಿಡಿದು ತೆಗೆಯಿರಿ. ಫೋನಿನ ಪರದೆಯಲ್ಲಿ ಎಲ್ಲವೂ ಗೋಡೆಗೆ ಹಾಕುವ ಚಿತ್ರದ ಹಾಗೇ ಕಾಣುತ್ತದೆ. ಅಳತೆ ಬರೆದಿದ್ದರೂ ಯಾರೂ ಓದುವುದಿಲ್ಲ, ಕೈಗೆ ಬಂದ ಮೇಲೆ "ಇಷ್ಟೇನಾ?" ಅಂತಾರೆ. ಆ ಮಾತು ಬಹಳ ನೋವು ಕೊಡುತ್ತದೆ.

ಕಳಿಸುವ ವಿಷಯದಲ್ಲಿ ನಾನು ಕೆಟ್ಟು ಕಲಿತಿದ್ದು. ನನ್ನ ಮೊದಲ ಕಾರ್ಡು, ಮಿಂಚುಳ್ಳಿ ಚಿತ್ರ, ಬರೀ ಲಕೋಟೆಯಲ್ಲಿ ಹುಬ್ಬಳ್ಳಿಗೆ ಕಳಿಸಿದ್ದೆ. ನಡುವೆ ಮಡಚಿಕೊಂಡು ಹೋಗಿತ್ತು. ದುಡ್ಡು ವಾಪಸ್ ಕೊಟ್ಟೆ, ಆದರೆ ಆ ಹಕ್ಕಿ ಮತ್ತೆ ಹಾಗೆ ಬರಲಿಲ್ಲ. ಈಗ ಕಾರ್ಡನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಅದಕ್ಕಿಂತ ದೊಡ್ಡ ಎರಡು ರಟ್ಟಿನ ನಡುವೆ ಇಟ್ಟು, ನಾಲ್ಕೂ ಕಡೆ ಟೇಪ್ ಹಾಕಿ ಕಳಿಸುತ್ತೇನೆ. ನಿಮ್ಮ ಕಡೆಯ ಮಳೆಗೆ ಹೊರಗಿನಿಂದ ಇನ್ನೊಂದು ಪ್ಲಾಸ್ಟಿಕ್ ಬೇಕೇ ಬೇಕು. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನಲ್ಲೇ ಸೇರಿಹೋಗಿದೆ, ಹಾಗಾಗಿ ಸ್ಪೀಡ್ ಪೋಸ್ಟೇ ಮಾಡಿ, ಅದರ ನಂಬರನ್ನು ಅವತ್ತೇ ಗಿರಾಕಿಗೆ ಕಳಿಸಿಬಿಡಿ.

ಇನ್ನೊಂದು ಮಾತು. ಶಾಲೆ ಮಕ್ಕಳ ಬಣ್ಣದಲ್ಲಿ ಬರೆದಿದ್ದರೆ ಅವನ್ನು ಮಾರಬೇಡಿ. ಹಾಳೆಯ ಚೂರಿಗೆ ನಿಮ್ಮ ಬಣ್ಣಗಳನ್ನೆಲ್ಲ ಹಚ್ಚಿ, ಅರ್ಧ ಭಾಗಕ್ಕೆ ರಟ್ಟು ಮುಚ್ಚಿ, ಬಿಸಿಲು ಬೀಳುವ ಕಿಟಕಿಯಲ್ಲಿ ಎರಡು ತಿಂಗಳು ಇಡಿ. ಯಾವುದು ಮಾಸುತ್ತದೆ ಅಂತ ನಿಮಗೇ ಕಾಣುತ್ತದೆ. ಕೆಲವು ಗುಲಾಬಿ, ನೇರಳೆ ಬಣ್ಣಗಳು ಮೊದಲು ಹೋಗುತ್ತವೆ.

ಪ್ರಶ್ನೆ: ಗೂಗಲ್‌ನಲ್ಲಿ ಸಿಕ್ಕ ಹಕ್ಕಿಯ ಫೋಟೋ ನೋಡಿ ಕಾರ್ಡ್ ಬರೆದು ಮಾರಬಹುದಾ? ಎಲ್ಲರೂ ಮಾಡುತ್ತಾರೆ. (ದಾವಣಗೆರೆಯ ಕಾಲೇಜು ವಿದ್ಯಾರ್ಥಿ)

ಉತ್ತರ: ಬೇಡ. ಆ ಫೋಟೋ ತೆಗೆದವರಿಗೆ ಅದರ ಹಕ್ಕು ಇದೆ. ನಮ್ಮ ದೇಶದಲ್ಲಿ ಫೋಟೋ ಪ್ರಕಟವಾದ ಮೇಲೆ 60 ವರ್ಷ ಆ ಹಕ್ಕು ಇರುತ್ತದೆ. ಅವರನ್ನೇ ಕೇಳಿ ನೋಡಿ, ಎಷ್ಟೋ ಜನ ಖುಷಿಯಿಂದ ಒಪ್ಪುತ್ತಾರೆ. ಇಲ್ಲವಾದರೆ ಕುಂದುವಾಡ ಕೆರೆ ನಿಮ್ಮೂರಲ್ಲೇ ಇದೆ, ಬೆಳಿಗ್ಗೆ ಹೋಗಿ ಕೂತು ನೀವೇ ನೋಡಿ ಬರೆಯಿರಿ.

ಪ್ರಶ್ನೆ: ಚೆನ್ನಾಗಿ ಬಂದ ಒಂದು ಕಾರ್ಡನ್ನು ಸ್ಕ್ಯಾನ್ ಮಾಡಿ ಪ್ರಿಂಟ್ ಹಾಕಿಸಿ ಮಾರಿದರೆ ಮೋಸ ಆಗುತ್ತದಾ? (ಪುತ್ತೂರಿನ ಓದುಗರು)

ಉತ್ತರ: ಪ್ರಿಂಟ್ ಅಂತ ಹೇಳಿ ಮಾರಿದರೆ ಮೋಸ ಅಲ್ಲ. 25 ಪ್ರತಿ ಹಾಕಿಸಿದರೆ ಪ್ರತಿಯೊಂದರ ಹಿಂದೆ 1/25, 2/25 ಅಂತ ಬರೆದು ಸಹಿ ಮಾಡಿ, 26ನೆಯದು ಹಾಕಿಸಬೇಡಿ. ಬೆಲೆಯೂ ಮೂಲ ಚಿತ್ರಕ್ಕಿಂತ ಚೆನ್ನಾಗಿ ಕಡಿಮೆ ಇರಲಿ. ಮೂಲ ಚಿತ್ರದ ಹಿಂದೆ ಮಾತ್ರ "ಕೈಯಲ್ಲಿ ಬರೆದದ್ದು, ಒಂದೇ ಪ್ರತಿ" ಅಂತ ತಾರೀಖು ಸಮೇತ ಬರೆಯಿರಿ. ಅದನ್ನು ಕೊಳ್ಳುವವರಿಗೆ ಪ್ರಿಂಟೂ ಇದೆ ಅನ್ನುವುದನ್ನು ದುಡ್ಡು ತೆಗೆದುಕೊಳ್ಳುವ ಮುಂಚೆಯೇ ಹೇಳಿಬಿಡಿ.