ಹೊಟ್ಟೆಯಲ್ಲಿ ತೇಲುವ ಮಾತ್ರೆ ಎಲ್ಲಿ ಸಿಗುತ್ತದೆ?

ಪ್ರಶ್ನೆ: ನನಗೆ 46 ವರ್ಷ. ತುಂಬಾ ದಿನ ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗುತ್ತಿದ್ದೆ. ಮೈಸೂರಿನಲ್ಲಿ ಎಂಡೋಸ್ಕೋಪಿ ಮಾಡಿಸಿದಾಗ ಎಚ್. ಪೈಲೋರಿ ಬ್ಯಾಕ್ಟೀರಿಯಾ ಇದೆ ಎಂದರು. 14 ದಿನ ಆಂಟಿಬಯಾಟಿಕ್ ತೆಗೆದುಕೊಂಡೆ. ಎರಡು ತಿಂಗಳಾದ ಮೇಲೆ ನಾನೇ ಲ್ಯಾಬ್‌ಗೆ ಹೋಗಿ ರಕ್ತ ಕೊಟ್ಟೆ, ಮತ್ತೆ ಪಾಸಿಟಿವ್ ಬಂತು. ಹೊಟ್ಟೆಯಲ್ಲೇ ತೇಲುತ್ತಾ, ಅಂಟಿಕೊಂಡು ಔಷಧಿ ಬಿಡುವ ಹೊಸ ನ್ಯಾನೋ ಮಾತ್ರೆ ಬಂದಿದೆ ಅಂತ ಮಗ ಮೊಬೈಲ್‌ನಲ್ಲಿ ತೋರಿಸಿದ. ಅದು ಎಲ್ಲಿ ಸಿಗುತ್ತದೆ?
– ಓದುಗರು, ಮದ್ದೂರು

ಉತ್ತರ: ಹೊಸ ಮಾತ್ರೆ ಹುಡುಕುವ ಮೊದಲು ಪರೀಕ್ಷೆಯ ವಿಷಯ ಹೇಳಿಬಿಡುತ್ತೇನೆ. ರಕ್ತ ಪರೀಕ್ಷೆ ಹುಡುಕುವುದು ಬ್ಯಾಕ್ಟೀರಿಯಾವನ್ನಲ್ಲ, ಅದರ ವಿರುದ್ಧ ನಿಮ್ಮ ದೇಹ ತಯಾರಿಸಿದ ಪ್ರತಿಕಾಯಗಳನ್ನು. ಬ್ಯಾಕ್ಟೀರಿಯಾ ಸತ್ತ ಮೇಲೂ ಅವು ತಿಂಗಳುಗಟ್ಟಲೆ, ಕೆಲವರಲ್ಲಿ ಇನ್ನೂ ಜಾಸ್ತಿ ದಿನ ಉಳಿಯುತ್ತವೆ. ಅಂದರೆ ನಿಮಗೆ ಈಗಾಗಲೇ ವಾಸಿಯಾಗಿರಬಹುದು! ಬ್ಯಾಕ್ಟೀರಿಯಾ ಈಗಲೂ ಇದೆಯಾ ಎಂದು ತಿಳಿಯಲು ಯೂರಿಯಾ ಬ್ರೆತ್ ಟೆಸ್ಟ್ (ಉಸಿರಿನ ಪರೀಕ್ಷೆ) ಅಥವಾ ಮಲದ ಆಂಟಿಜೆನ್ ಪರೀಕ್ಷೆ (ಮಲದಲ್ಲಿ ಬ್ಯಾಕ್ಟೀರಿಯಾದ ಅಂಶ ಹುಡುಕುವುದು) ಮಾಡಿಸಿ. ಆಂಟಿಬಯಾಟಿಕ್ ಮುಗಿದು ಕನಿಷ್ಠ 4 ವಾರ ಆಗಿರಬೇಕು. ಪ್ಯಾಂಟೊಪ್ರಜೋಲ್ ಥರದ, ಆಸಿಡ್ ತಗ್ಗಿಸುವ ಮಾತ್ರೆ ನಡೆಯುತ್ತಿದ್ದರೆ ಡಾಕ್ಟರನ್ನು ಕೇಳಿ 2 ವಾರ ಮೊದಲೇ ನಿಲ್ಲಿಸಿ. ಇಲ್ಲದಿದ್ದರೆ ಬ್ಯಾಕ್ಟೀರಿಯಾ ಇದ್ದರೂ ಇಲ್ಲ ಅಂತ ಬರಬಹುದು.

ಇನ್ನು ಮಗ ತೋರಿಸಿದ್ದು. ಅದು ಸುಳ್ಳಲ್ಲ. ಈ ಬ್ಯಾಕ್ಟೀರಿಯಾ ಇರುವ ಜಾಗವೇ ಕಷ್ಟದ್ದು. ಹೊಟ್ಟೆಯ ಒಳಗೋಡೆಗೆ ಬೆಂಡೆಕಾಯಿ ಲೋಳೆಯಂಥ ಒಂದು ಪದರ ಇದೆ. ಎಚ್. ಪೈಲೋರಿ ಯೂರಿಯಾವನ್ನು ಒಡೆದು ಅಮೋನಿಯಾ ಮಾಡಿಕೊಳ್ಳುತ್ತದೆ, ಸುತ್ತಲಿನ ಆಸಿಡ್ ತಗ್ಗಿಸಿ ಆ ಲೋಳೆಯ ಆಳಕ್ಕೆ ಇಳಿಯುತ್ತದೆ. ನಾವು ನುಂಗಿದ ಮಾತ್ರೆಯಾದರೋ ಕೆಲವೇ ಗಂಟೆಗಳಲ್ಲಿ ಕರುಳಿಗೆ ದಾಟುತ್ತದೆ. ಇದಕ್ಕೆ ಕೊಡುವ ಆಂಟಿಬಯಾಟಿಕ್‌ಗಳಲ್ಲಿ ಒಂದಾದ ಕ್ಲಾರಿತ್ರೋಮೈಸಿನ್ ಅಂತೂ ಆಸಿಡ್‌ನಲ್ಲಿ ಬೇಗ ಹಾಳಾಗುತ್ತದೆ.

ಅದಕ್ಕೇ ವಿಜ್ಞಾನಿಗಳು ಔಷಧಿ ಹೊರುವ ವಸ್ತುವನ್ನು ಬದಲಿಸಲು ನೋಡುತ್ತಿದ್ದಾರೆ. ಒಂದು ದಾರಿ, ಅಡುಗೆ ಸೋಡಾ ಸೇರಿಸಿದ ತೇಲುವ ಮಾತ್ರೆ. ಸೋಡಾ ಆಸಿಡ್ ಜೊತೆ ಸೇರಿ ಗ್ಯಾಸ್ ಬಿಡುತ್ತದೆ, ಉಬ್ಬಿದ ಮಾತ್ರೆ ಆ ಗ್ಯಾಸ್ ಹಿಡಿದುಕೊಂಡು ತೇಲುತ್ತದೆ. ಹೊಟ್ಟೆಯಲ್ಲಿ ನೀರು, ಊಟ ಇದ್ದರೆ ಮಾತ್ರ ಈ ಉಪಾಯ ಸರಿಯಾಗಿ ನಡೆಯುತ್ತದೆ.

ಇನ್ನೊಂದು ದಾರಿ, ಕೈಟೋಸಾನ್ ಎಂಬ ಅಂಟುವ ವಸ್ತುವಿನ ಅತಿಸಣ್ಣ (ನ್ಯಾನೋ) ಕಣಗಳಲ್ಲಿ ಔಷಧಿ ತುಂಬುವುದು. ಸೀಗಡಿ, ಏಡಿಯ ಚಿಪ್ಪಿನಿಂದ ತೆಗೆಯುತ್ತಾರೆ. ಶಿಲೀಂಧ್ರಗಳಿಂದಲೂ ತೆಗೆಯಬಹುದು, ಸಸ್ಯಾಹಾರಿಗಳು ಗಾಬರಿಯಾಗಬೇಕಿಲ್ಲ. ಆಸಿಡ್‌ನಲ್ಲಿ ಇದಕ್ಕೆ ಧನ ವಿದ್ಯುದಂಶ, ಲೋಳೆಗೆ ಋಣ. ಹಾಗಾಗಿ ಅಂಟಿಕೊಳ್ಳುತ್ತದೆ. ನನಗೆ ತುಂಬಾ ಹಿಡಿಸಿದ ಸಮಸ್ಯೆ ಇಲ್ಲೇ ಇದೆ. ಹೊಟ್ಟೆ ತನ್ನ ಲೋಳೆಯನ್ನು ಕಳಚುತ್ತಾ ಹೊಸದು ಮಾಡಿಕೊಳ್ಳುತ್ತಲೇ ಇರುತ್ತದೆ. ಮೇಲ್ಪದರಕ್ಕೆ ಗಟ್ಟಿಯಾಗಿ ಅಂಟಿದ ಕಣ ಆ ಲೋಳೆಯ ಜೊತೆಗೇ ಜಾರಿ ಹೋಗುತ್ತದೆ. ಬ್ಯಾಕ್ಟೀರಿಯಾ ಕೆಳಗೆ ಆರಾಮಾಗಿರುತ್ತದೆ! ಅಂಟಲೂ ಬೇಕು, ಆಳಕ್ಕೆ ಇಳಿಯಲೂ ಬೇಕು. ಸಾಲದ್ದಕ್ಕೆ ಬರೀ ಕೈಟೋಸಾನ್ ಆಸಿಡ್‌ನಲ್ಲಿ ಕರಗಿಹೋಗುತ್ತದೆ, ಅದನ್ನು ಬೇರೆ ವಸ್ತುವಿನೊಂದಿಗೆ ಹೆಣೆಯಬೇಕು. ಮತ್ತೊಂದು ದಾರಿಯಲ್ಲಿ, ಲಿನೋಲೆನಿಕ್ ಆಸಿಡ್ (ಒಂದು ಬಗೆಯ ಕೊಬ್ಬಿನಾಮ್ಲ) ತುಂಬಿದ ಕೊಬ್ಬಿನ ಸಣ್ಣ ಗುಳ್ಳೆಗಳು ಇಲಿಗಳಲ್ಲಿ ಒಳ್ಳೆಯ ಫಲ ಕೊಟ್ಟಿವೆ. ಇಲಿಯ ಹೊಟ್ಟೆಯೇ ಬೇರೆ, ನಮ್ಮದೇ ಬೇರೆ ಅಲ್ವಾ? ಈ ನ್ಯಾನೋ ಔಷಧಿಗಳು ಇನ್ನೂ ಪ್ರಯೋಗಾಲಯ ದಾಟಿ ಎಚ್. ಪೈಲೋರಿಗೆ ಡಾಕ್ಟರ್ ಬರೆಯುವ ಮಟ್ಟಕ್ಕೆ ಬಂದಿಲ್ಲ. ಆ ಹೆಸರಿನಲ್ಲಿ ಯಾರಾದರೂ ಮಾರಿದರೆ ದಯವಿಟ್ಟು ಕೊಳ್ಳಬೇಡಿ.

ಸರಿಯಾದ ಪರೀಕ್ಷೆಯಲ್ಲೂ ಪಾಸಿಟಿವ್ ಬಂದರೆ? ಈಗಿರುವ ಔಷಧಿಗಳಲ್ಲೇ ದಾರಿ ಇದೆ. ಮೊದಲ ಸಲ ಕ್ಲಾರಿತ್ರೋಮೈಸಿನ್ ಕೊಟ್ಟಿದ್ದರೆ ಮತ್ತೆ ಅದನ್ನೇ ಕೊಡುವುದಿಲ್ಲ, ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದೆ ಇರಬಹುದು. ಸಾಮಾನ್ಯವಾಗಿ ಬಿಸ್ಮತ್, ಟೆಟ್ರಾಸೈಕ್ಲಿನ್, ಮೆಟ್ರೊನಿಡಜೋಲ್ ಮತ್ತು ಆಸಿಡ್ ತಗ್ಗಿಸುವ ಮಾತ್ರೆಯನ್ನು ಒಟ್ಟಿಗೆ ಕೊಡುತ್ತಾರೆ. ಬಿಸ್ಮತ್‌ನಿಂದ ಮಲ ಕಪ್ಪಾಗುತ್ತದೆ, ಹೆದರಬೇಡಿ. ಬಿಸ್ಮತ್ ಅಥವಾ ಕಬ್ಬಿಣದ ಮಾತ್ರೆ ತೆಗೆದುಕೊಳ್ಳದೆ ಟಾರಿನಂತೆ ಕಪ್ಪು ಹೋದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಿ, ಒಳಗೆ ರಕ್ತ ಹೋಗುತ್ತಿರಬಹುದು.

ಡಾಕ್ಟರ್ ಹತ್ತಿರ ಹೋಗುವಾಗ ಮೊದಲ ಸಲದ ಚೀಟಿ ಮರೆಯಬೇಡಿ. ಕಳೆದಿದ್ದರೆ ಮೆಡಿಕಲ್ ಶಾಪ್‌ನ ಬಿಲ್ಲಾದರೂ ತೆಗೆದುಕೊಂಡು ಹೋಗಿ.